ಸ್ಪ್ರಿಂಗಿನ ಬಿರುಸು ಅಳೆದ ಮಿಸ್ತ್ರಿ

ಹೋದ ವರ್ಷ ದಸರೆ ಕಳೆದ ಮೇಲಿನ ಸೋಮವಾರ, ಬೆಳಗಿನ ಹನ್ನೊಂದರ ಸುಮಾರಿಗೆ, ನಾನು ಬಂಕಾಪುರದ ಪಾಟಾ ಮಿಸ್ತ್ರಿಯವರ ಅಂಗಡಿಯ ಹೊಸ್ತಿಲ ಮೇಲೆ ನಿಂತಿದ್ದೆ. ಅವರು ನನ್ನೆದುರು ಕುಕ್ಕರಗಾಲಲ್ಲಿ ಕೂತಿದ್ದರು. ಕುಲುಮೆಯ ಕಿಡಿಗೆ ಸುಟ್ಟು ಸುಟ್ಟು ಅವರ ಬಲ ಹುಬ್ಬು ಅರ್ಧಕ್ಕೇ ನಿಂತಿತ್ತು. ಅದರಿಂದ ಸದಾ ಏನನ್ನೋ ಅನುಮಾನಿಸುವವರಂತೆ ಕಾಣುತ್ತಿದ್ದರು.

ಲಾರಿ, ಟ್ರೇಲರುಗಳ ಅಡಿಯಲ್ಲಿ ಭಾರ ಹೊರುವ ಉಕ್ಕಿನ ಪಟ್ಟಿ, ಅಂದರೆ ಕಮಾನು ಪಾಟಾ, ಕಾಯಿಸಿ ಬಾಗಿಸುವುದು ಅವರ ಕಸುಬು. ಹತ್ತಿಮತ್ತೂರಿನ ನಮ್ಮ ಟ್ರೇಲರು ಅಪ್ಪನ ಕಾಲದಿಂದ ಅವರ ಕೈಯಲ್ಲೇ ಇತ್ತು. ರಿಪೇರಿಯಾದ ಗಾಡಿಯ ಹಿಂದೆ ಏರಿ ಕೂತು, ಶಿಗ್ಗಾಂವಿ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೇ ಕಳಿಸುತ್ತಿದ್ದರು. "ಬೆನ್ನ ಹೇಳಬೇಕ್ರಿ, ಬಾಯಿ ಅಲ್ಲ" ಎನ್ನುತ್ತಿದ್ದರು. ತೀರಿಹೋದ ಅಪ್ಪನನ್ನು ಅದೇ ಟ್ರೇಲರಿನಲ್ಲಿ ಮಣ್ಣಿಗೆ ಒಯ್ದ ದಿನ, ಅದರ ಹಿಂದಿನ ಹಲಗೆ ಹಿಡಿದು ಹೊಲದವರೆಗೂ ನಡೆದು ಬಂದಿದ್ದರು.

ಆ ಸೋಮವಾರದ ಕೆಲಸ ಮಾತ್ರ ಬೇರೆ. ಸವಣೂರಿನ ನನ್ನ ಸೋದರಮಾವನ ಬಳಿ ಇಬ್ಬರೇ ಕೂರುವ ಹಳೆಯ ರೇಸಿನ ಕಾರೊಂದಿದೆ. ಅದರ ಮುಂದಿನ ಗಾಲಿಗಳಿಗೆ ಬದಲಿಸಿ ಹಾಕಲು ಎರಡು ಜೊತೆ ಸ್ಪ್ರಿಂಗು. ಒಂದು ಜೊತೆ ಮೆದು, ಇನ್ನೊಂದು ಬಿರುಸು. ಯಾವುದು ಯಾವುದೆಂದು ತಿಳಿಯಲು ಅವಕ್ಕೆ ಬಣ್ಣದ ಗುರುತಿತ್ತು. ಮಾವ ಆಯುಧ ಪೂಜೆಗೆಂದು ಎಲ್ಲವನ್ನೂ ತಿಕ್ಕಿ ತೊಳೆಸಿ, ಭಕ್ತಿಯಿಂದ ಒಂದೇ ಕೆಂಪು ಬಣ್ಣ ಹೊಡೆಸಿಬಿಟ್ಟಿದ್ದರು. ಈಗ ನಾಲ್ಕನ್ನೂ ತಂದು ನನ್ನ ಪಕ್ಕದಲ್ಲೇ ನಿಂತಿದ್ದರು.

"ದೇವರಿಗೆ ಚಂದ ಕಾಣಸ್ತು ಸಾವ್ಕಾರ್ರ, ನನಗ ಕಣ್ಣ ಕಟ್ಟಿದಂಗ ಆತು" ಎಂದು ಮಿಸ್ತ್ರಿ ನಕ್ಕರು.

"ಸುಮ್ನ ಯಾವ್ದರೆ ಎರಡ ಹಾಕ್ರಿ" ಎಂದರು ಮಾವ.

"ಒಂದ ಕಡೆ ಮೆತ್ತಗ, ಒಂದ ಕಡೆ ಬಿರುಸು ಬಿತ್ತಂದ್ರ ಹಾನಗಲ್ ರಸ್ತೆ ತಿರುವಿನ್ಯಾಗ ಗಾಡಿ ನಿಮ್ಮ ಮಾತ ಕೇಳೂದಿಲ್ರಿ."

ನಾಲ್ಕರಲ್ಲೂ ಸುತ್ತುಗಳು ಅಷ್ಟೇ, ಎತ್ತರವೂ ಅಷ್ಟೇ. ತಂತಿಯ ದಪ್ಪ ಅಳೆದರೆ, ಬಂದ ಕೂದಲೆಳೆಯ ಫರಕು ಕಬ್ಬಿಣದ್ದೋ ಬಣ್ಣದ್ದೋ ತಿಳಿಯದು. ಅದಕ್ಕೆ ಅವರು ತಮ್ಮದೇ ದಾರಿ ಹಿಡಿದರು. ಉದ್ದನೆಯ ಕಬ್ಬಿಣದ ತೊಲೆಯ ಒಂದು ತುದಿಯನ್ನು ಗೋಡೆಯ ಕಿಂಡಿಗೆ ಸಿಗಿಸಿ, ತೊಲೆಯ ಕೆಳಗೆ ಸ್ಪ್ರಿಂಗು ನಿಲ್ಲಿಸಿ, ಅದು ಸಿಡಿಯದಂತೆ ಸರಪಳಿ ಬಿಗಿದು, ಇನ್ನೊಂದು ತುದಿಯ ಹಲಗೆಯ ಮೇಲೆ ತೂಗಿದ ಜೋಳದ ಚೀಲಗಳನ್ನು ಒಂದೊಂದಾಗಿ ಏರಿಸುವುದು. ಚೀಲಕ್ಕೆಷ್ಟು ಕುಗ್ಗಿತೆಂದು ಅಳೆಯುವುದು. ಹೆಚ್ಚು ಕುಗ್ಗಿದ್ದು ಮೆದು. ಚೀಲ ಏರಿಸುವವರು ಅವರ ಹೆಂಡತಿ.

"ಗೌಡ್ತೇರ, ಏರಸ್ರಿ."

"ಹೆಸರಿಗೆ ಗೌಡ್ತಿ, ಕೆಲಸಕ್ಕ ಹಮಾಲಿ" ಎನ್ನುತ್ತಾ ಅವರು ಏರಿಸಿದರು.

ಮೊದಲೆರಡೂ ಒಂದೇ ಸಮ ಕುಗ್ಗಿದವು, ಒಂದು ಜೊತೆ ಸಿಕ್ಕಿತು. ಅದರ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದರು. ಗುರುತು ಸಿಕ್ಕರೂ ಉಳಿದವನ್ನು ಅಳೆಯದೆ ಬಿಡುವವರಲ್ಲ. ಮೂರನೆಯದನ್ನು ನಿಲ್ಲಿಸುವಾಗ ನಾನು ನೋಡಲು ಹತ್ತಿರ ಹೋಗಿದ್ದೆ. "ಅಲ್ಲಿ ನಿಂದ್ರಬ್ಯಾಡ್ರಿ, ಹೊಸ್ತಿಲಕ್ಕ ಹೋಗ್ರಿ" ಎಂದರು. ಹೋದೆ. ನಾನು ಉಳಿದದ್ದು ಆ ಮಾತಿನಿಂದ.

ಇನ್ನು ಮುಂದಿನದನ್ನು ಕಂಡ ಹಾಗೆ ಹೇಳುತ್ತೇನೆ. ಅವರು "ಏರಸ್ರಿ" ಎಂದರು. ಹೆಂಡತಿ ಚೀಲ ಇಟ್ಟರು. ಕೈ ಬಿಟ್ಟರು. ಹಿಂದೆ ಸರಿದು ಸೆರಗಿನಿಂದ ಮುಖ ಒರೆಸಿಕೊಂಡರು. ತೊಲೆ ಅಲುಗಾಡುವುದು ನಿಂತಿತು. ಆಮೇಲೆಯೇ ಮಿಸ್ತ್ರಿ ಅಳತೆಪಟ್ಟಿ ಹಿಡಿದು ಬಾಗಿದ್ದು. ಸ್ಪ್ರಿಂಗಿನ ಬುಡ ಜಾರಿತು. ಸರಪಳಿಯ ಕೊಂಡಿ ಬಿಚ್ಚಿತು. ಯಾಕೆಂದು ನನಗೆ ಗೊತ್ತಿಲ್ಲ. ಸ್ಪ್ರಿಂಗು ಸಿಡಿದು ಮಿಸ್ತ್ರಿಯವರ ಎದೆಗೆ ಬಡಿಯಿತು. ಸದ್ದು ದೊಡ್ಡದೇನಿರಲಿಲ್ಲ. ಶಿಗ್ಗಾಂವಿ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಅವರ ಅಣ್ಣತಮ್ಮಂದಿರು ಈಗ ಊರ ತುಂಬ "ಅಕೀನ ಅವಸರ ಮಾಡಿ ಚೀಲಾ ಒಗದ್ಲು" ಎನ್ನುತ್ತಾರೆ. ಅಂಗಡಿ ಅವರ ಕೈಯಲ್ಲಿದೆ, ಹೆಂಡತಿ ಮಾಸೂರಿನ ತವರಲ್ಲಿದ್ದಾರೆ. ಆಕೆ ಅವಸರ ಮಾಡಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಅದನ್ನು ಕಂಡವರಲ್ಲಿ ಮೂವರು ಬದುಕಿದ್ದೇವೆ. ನಾನು. ಸವಣೂರಿನ ನನ್ನ ಸೋದರಮಾವ; ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ಮತ್ತೆ ಮಿಸ್ತ್ರಿಯವರ ಹೆಂಡತಿ. ಅವರನ್ನು ಈವರೆಗೆ ಯಾರೂ ಕೇಳಿಲ್ಲ.