ಎಲ್ಲರೂ ಚಲೋ ಅಂದ ಹಾರ್ಮೋನಿಯಂ

ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಸರಕು ಇಳಿಸುತ್ತಿದ್ದ ನಮ್ಮ ನೆರೆಯವರೊಬ್ಬರು ಶನಿವಾರದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ ಅವರು ಸ್ವರ ಹಿಡಿದರೆ ನಾವೆಲ್ಲ ಅದಕ್ಕೇ ದನಿ ಸೇರಿಸುತ್ತಿದ್ದೆವು.

ಹಾರ್ಮೋನಿಯಂನ ತಿದಿ ಹರಿದಾಗ ಅವರು ಫೋನಿನಲ್ಲಿ ರಿವ್ಯೂಗಳ ನಕ್ಷತ್ರ ನೋಡಿ ಹೊಸದೊಂದು ತರಿಸಿದರು. ಮೊದಲ ಶನಿವಾರವೇ ಅದರ ಮೇಲಿನ ಸ್ವರಗಳು ಇಳಿದು ಕೇಳಿಸಿದವು. ಢೋಲಕಿಯವನು ನಕ್ಕ.

“ಅಣ್ಣಾರ, ಪೇಟಿಗಿ ನೆಗಡಿ ಆಗೇತಿ.”

“ಅಷ್ಟ ಮಂದಿ ಚಲೋ ಐತಿ ಅಂತ ಬರದಾರಪ್ಪ,” ಎಂದರು. ಅವತ್ತೆಲ್ಲ ಅದನ್ನೇ ಅನ್ನುತ್ತಿದ್ದರು.

ಇಂಗ್ಲಿಷಿನಲ್ಲಿದ್ದ ಆ ರಿವ್ಯೂಗಳನ್ನು ನಾನು ನಿಧಾನವಾಗಿ ಓದಿ ಹೇಳಿದೆ. ಬಣ್ಣ ಚೆನ್ನಾಗಿದೆ, ಪ್ಯಾಕಿಂಗ್ ಗಟ್ಟಿಯಾಗಿದೆ, ಬೇಗ ಬಂತು. ಸ್ವರದ ಬಗ್ಗೆ ಒಂದು ಮಾತೂ ಇರಲಿಲ್ಲ.

“ಸುರ ಸರಿ ಇದ್ದದ್ದಕ್ಕ ಅವರು ಅದರ ಮಾತ ಎತ್ತಿಲ್ರಿ,” ಎಂದರು ಅವರು. “ಬಂದರದ ಗದ್ದಲಕ್ಕ ನನ್ನ ಕಿವೀನ ಕೆಟ್ಟಾವೇನೋ.”

ಹಾಗಲ್ಲ ಎಂದು ಎಲ್ಲರೂ ಹೇಳಿದೆವು. ಹೊಸದು ವಾಪಸ್ ಹೋಯಿತು, ಹಳೆಯದರ ತಿದಿ ರಿಪೇರಿಯಾಯಿತು. ಸ್ವರ ಮೊದಲಿನಂತೆಯೇ ಸರಿಯಾಗಿತ್ತು. ಆದರೆ ಆಮೇಲೆ ಅವರು ಕಣ್ಣು ಮುಚ್ಚಲಿಲ್ಲ. ಮೊದಲ ಸ್ವರ ಒತ್ತಿ, ಒಬ್ಬೊಬ್ಬರಾಗಿ ನಮ್ಮ ಮುಖ ನೋಡುತ್ತಿದ್ದರು.