ಗಲ್ಲಕ್ಕೆ ಕೊಟ್ಟ ಕೆಲಸ

ನಾನು ಹೊಟ್ಟೆ ಹೊರೆಯುವುದು ಗುಂಡಿಗಳ ಮಾತು ಕೇಳಿ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಕಂಪ್ಯೂಟರಿಗೆ ಎರಡು ಸುದ್ದಿ ಹೋಗುತ್ತವೆ, ಕೆಳಗೆ ಹೋದೆ ಎಂದೊಂದು, ಮೇಲೆ ಬಂದೆ ಎಂದೊಂದು. ಆ ಸುದ್ದಿಗೆ ಏನು ಮಾಡಬೇಕೆಂದು ಬರೆದಿಡುವುದು ನನ್ನ ಕಸುಬು. ವಿಜಯಪುರದ ಅಂಗಡಿಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಗುಂಡಿಯ ಸುದ್ದಿ ಇಷ್ಟು ಚೆನ್ನಾಗಿ ತಿಳಿಯುವ ನನಗೆ ಒತ್ತುವವರ ಸುದ್ದಿ ತಿಳಿಯಲಿಲ್ಲ ಎಂಬುದೇ ಈಗಿನ ನಾಚಿಕೆ.

ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಒಣದ್ರಾಕ್ಷಿ ಅಂಗಡಿಯಿದೆ. ಮಾಲು ತಿಕೋಟಾ ಕಡೆಯದು. ಅಲ್ಲಿ ಬಿಲ್ಲು ಮುದ್ರಿಸಲು ನಾನು ಕಂಟ್ರೋಲ್, ಶಿಫ್ಟ್, ಪಿ ಮೂರನ್ನೂ ಒಮ್ಮೆಲೇ ಒತ್ತಬೇಕೆಂದು ಇಟ್ಟಿದ್ದೆ. ಕೈತಪ್ಪಿ ಬಿಲ್ಲು ಬರಬಾರದು ಎಂಬುದು ಹೇಳಿಕೊಳ್ಳುವ ಕಾರಣ. ಮೂರು ಗುಂಡಿ ಒತ್ತಿಸಿದರೆ ದೊಡ್ಡ ಕಂಪನಿಯ ಮಾಲಿನಂತೆ ಕಾಣುತ್ತದೆ ಎಂಬುದು ಒಳಗಿನದು.

ಒಂದು ದಿನ ಅಂಗಡಿಯ ಸಾವಕಾರರ ಫೋನು. "ಸರ, ಬಿಲ್ ಭಾಳ ತಡಾ ಆಗಾಕತ್ತಾವ. ಗಿರಾಕಿ ನಿಂತು ನಿಂತು ಹೊಂಟ ಹೋಗ್ತಾರ."

"ಸಾಫ್ಟ್‌ವೇರ್ ತಡಾ ಮಾಡೂದಿಲ್ರಿ ಸಾವಕಾರ್ರ, ಬಡಿಯೋ ಕೈ ತಡಾ ಇರಬೇಕ್ರಿ," ಎಂದೆ. ನೋಡದೆಯೇ ಅಂದೆ.

"ಹಂಗಾರ ಬಿಲ್ ಬಡಿಯೋ ರೆಹಾನಾನ್ನ ಒಳಗ ದ್ರಾಕ್ಷಿ ಕಡ್ಡಿ ಆರಿಸಾಕ ಹಚ್ಚತೇನಿ. ಇಲ್ಲಿ ಬ್ಯಾರೇದವರನ್ನ ಕೂಡ್ರಸೂಣಂತ."

ಹೊಸಬರಿಗೆ ಕಲಿಸಬೇಕೆಂದು ಹೋದೆ. ಗಿರಾಕಿಗಳ ಹಿಂದೆ ನಿಂತು ನೋಡಿದೆ. ರೆಹಾನಾ ಅಕ್ಕ ಬಲಗೈಯಿಂದ ದ್ರಾಕ್ಷಿ ತೆಗೆದು ತಕ್ಕಡಿಗೆ ಹಾಕುತ್ತಾರೆ. ತಿನ್ನುವ ಪದಾರ್ಥಕ್ಕೆ ಬಲಗೈಯೇ ಆಗಬೇಕು, ಆ ಅಂಟುಗೈ ಕೀಬೋರ್ಡಿಗೆ ತಾಗಬಾರದು. ಆದ್ದರಿಂದ ಕೀಬೋರ್ಡಿಗೆ ಎಡಗೈ ಒಂದೇ. ಅದು ದೂರದ ಪಿ ಮೇಲೆ ಹೋಯಿತು. ಎಡತುದಿಯ ಕಂಟ್ರೋಲ್, ಶಿಫ್ಟ್ ಎರಡನ್ನೂ ಒತ್ತಿದ್ದು ಗಲ್ಲ. ಪ್ರತಿ ಬಿಲ್ಲಿಗೂ ಆಕೆ ಮೇಜಿನ ಮೇಲೆ ಬಗ್ಗಿ, ಗುಂಡಿಗಳ ಮೇಲೆ ಗಲ್ಲ ಊರಿ, ಏಳುತ್ತಿದ್ದರು. ಹಿಂದೆ ಒಬ್ಬ ಗಿರಾಕಿ ನಕ್ಕ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಅಕ್ಕಾರ, ನನಗ ಯಾಕ ಹೇಳಲಿಲ್ರಿ?"

"ಎಲ್ಲಾ ಕಂಪ್ಯೂಟರೂ ಹಿಂಗ ಇರ್ತಾವು ಅನಕೊಂಡಿದ್ದೆ ರೀ. ಒಳಗ ಕಡ್ಡಿ ಆರಿಸಾಕ ನೆಲದ ಮ್ಯಾಲ ಕುಂತರ ನನಗ ಏಳಾಕ ಬರೂದಿಲ್ರಿ ಸರ, ಮೊಣಕಾಲ ಹಿಡಿದಾವ. ಈ ಕುರ್ಚಿ ಒಂದು ಇರಲಿ ಅಂತ ಸುಮ್ಮನಿದ್ದೆ."

ಹಳೆಯ ಟೈಪ್‌ರೈಟರಿನಲ್ಲೂ ಶಿಫ್ಟ್ ಇತ್ತು, ಒತ್ತಿದರೆ ಒಳಗಿನ ಕಬ್ಬಿಣ ನಿಜವಾಗಿಯೇ ಸರಿಯುತ್ತಿತ್ತು. ಆದರೆ ಅದನ್ನು ಮಾಡಿದವರು ಪಕ್ಕದಲ್ಲೇ ಒತ್ತಿದ ಶಿಫ್ಟನ್ನು ಹಾಗೇ ಹಿಡಿದಿಡುವ ಒಂದು ಲಾಕ್ ಇಟ್ಟರು, ಕಿರುಬೆರಳು ಎಷ್ಟು ಹೊತ್ತು ಹಿಡಿದೀತು ಎಂದು. ಕಬ್ಬಿಣದ ಕಾಲದವರಿಗೆ ಬೆರಳಿನ ನೆನಪಿತ್ತು. ನಾನು ಗಲ್ಲಕ್ಕೂ ಕೆಲಸ ಹಚ್ಚಿ, ಮೇಲೆ ಕೈ ತಡ ಎಂದು ಹೆಸರಿಟ್ಟೆ.

ಅಲ್ಲೇ ಕುಳಿತು ತಿದ್ದಿದೆ. ಎಡಗೈಗೆ ಹತ್ತಿರದ ಎಫ್‌ಟೂ ಒಂದೇ ಗುಂಡಿ. ಕೆಳಗೆ ಹೋದಾಗ ಸುಮ್ಮನಿದ್ದು, ಮೇಲೆ ಬಂದಾಗ ಒಂದು ಬಿಲ್ಲು, ಒತ್ತಿ ಹಿಡಿದರೂ ಎರಡು ಬಾರದಂತೆ. ಚಹಾ ತಣ್ಣಗಾಗುವುದರೊಳಗೆ ಮುಗಿಯಿತು. ಇಷ್ಟೇ ಇತ್ತು ಎಂಬುದು ಇನ್ನಷ್ಟು ಚುಚ್ಚಿತು.

ಬಿಲ್ಲು ಪಟಪಟ ಬಂದವು. ಸಾವಕಾರರು ಹಿಗ್ಗಿದರು. "ನೋಡು ರೆಹಾನಾ, ಸರ ನಿನ್ನ ಕುರ್ಚಿ ಉಳಿಸಿದ್ರು."

ನಾನು ಎದ್ದು ನಿಂತೆ. "ಸಾವಕಾರ್ರ, ತಡಾ ಮಾಡಿದವರು ಇವರಲ್ರಿ, ನಾನು. ಫೋನಿನ್ಯಾಗ ಸುಳ್ಳ ಅವರ ಮ್ಯಾಲ ಹಾಕಿದೆ."

"ಏ ಬಿಡ್ರಿ ಸರ, ದೊಡ್ಡ ಮನಸಿನವರು ಹಿಂಗ ಮಾತಾಡೂದು," ಎಂದು ಅವರು ಬೆನ್ನು ತಟ್ಟಿ ಇನ್ನೊಂದು ಚಹಾ ತರಿಸಿದರು. ತಪ್ಪೊಪ್ಪಿಕೊಂಡರೂ ಹೊಗಳಿಕೆ ಬರುವ ಕಸುಬು ನನ್ನದು. ರೆಹಾನಾ ಅಕ್ಕ ಮಾತ್ರ ನನ್ನನ್ನೊಮ್ಮೆ ಸರಿಯಾಗಿ ನೋಡಿದರು. ಆಮೇಲೆ ಒಂದು ಮುಷ್ಟಿ ದ್ರಾಕ್ಷಿ ತೆಗೆದು ನನ್ನ ಕೈಗೆ ಹಾಕಿದರು, ಬಲಗೈಯಿಂದಲೇ.

ಈಗಲೂ ಆ ದಾರಿಯಲ್ಲಿ ಹೋದರೆ ಒಳಗೆ ಇಣುಕುತ್ತೇನೆ. ಆಕೆ ಕುರ್ಚಿಯಲ್ಲೇ ಇದ್ದಾರೆ. ಎಫ್‌ಟೂ ಒತ್ತುವಾಗ ರೂಢಿಯಿಂದ ಗಲ್ಲ ಅರ್ಧ ದಾರಿ ಇಳಿದು, ನೆನಪಾಗಿ ನಿಂತು, ಮೇಲೇರುತ್ತದೆ. ಕೆಳಗೆ ಹೋದದ್ದು, ಮೇಲೆ ಬಂದದ್ದು. ಆ ಸುದ್ದಿ ಕಂಪ್ಯೂಟರಿಗೆ ಮುಟ್ಟುವುದಿಲ್ಲ, ಬೀದಿಯಲ್ಲಿ ನಿಂತ ನನಗೆ ಮುಟ್ಟುತ್ತದೆ.