ರಘುರಾಮಣ್ಣನ ಹಸಿದ ಕೋವಿ

ರಘುರಾಮಣ್ಣ ಯಾರನ್ನು ನೋಡುವುದಿದ್ದರೂ ಎಡಗಣ್ಣು ಮುಚ್ಚಿಕೊಂಡೇ ನೋಡುತ್ತಿದ್ದರು. ಹಾಲಿನವನನ್ನಾಗಲಿ, ಸೊಸೈಟಿಯ ಸೆಕ್ರೆಟರಿಯನ್ನಾಗಲಿ, ಎದುರು ಬಾಗಿಲಿನ ನನ್ನನ್ನಾಗಲಿ. ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಹೊಸದಾಗಿ ಬಂದ ಹೆಂಗಸರು ತಪ್ಪು ತಿಳಿದು ಮುಖ ಗಂಟಿಕ್ಕುತ್ತಿದ್ದರು. ಅವರಿಗೆಲ್ಲ ನಾನೇ ಸಮಾಧಾನ ಹೇಳಬೇಕು: ಅದು ಕಣ್ಣು ಹೊಡೆಯುವುದಲ್ಲಮ್ಮ, ಗುರಿ ಹಿಡಿಯುವುದು.

ಕುಂದಾಪುರದ ಕಡೆಯವರು. ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಊಟದ ಹೊಟೇಲು. ವಾರವಿಡೀ ಗಲ್ಲಾ ಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳ ಬಾಯಿಗೆ ಬಾಯಿ ಕೊಡದೆ ನಗುವ ಮನುಷ್ಯ, ಭಾನುವಾರ ಬೆಳಗಾಯಿತೆಂದರೆ ನವಿ ಮುಂಬಯಿಯ ಗುಡ್ಡದ ಬುಡದಲ್ಲಿರುವ ಗುರಿ ಮೈದಾನಕ್ಕೆ ಓಡುತ್ತಿದ್ದರು. ನನಗೋ ಕೋವಿ ಎಂದರೇ ಆಗುವುದಿಲ್ಲ. ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು, ಸುಮ್ಮನಿರುವ ಜಾಯಮಾನವೂ ನನ್ನದಲ್ಲ. ಸಾಂಬಾರು ಬಡಿಸುವವರಿಗೆ ಇದೆಲ್ಲ ಯಾಕೆ ಎಂದು ಒಮ್ಮೆ ಮುಖಕ್ಕೇ ಕೇಳಿಬಿಟ್ಟೆ.

"ವಾರ ಇಡೀ ಎಲ್ಲರ ಮಾತು ಕೇಳ್ತೇನೆ ಟೀಚರೇ," ಎಂದರು. "ಭಾನುವಾರ ಒಂದು ಮಾತು ನಾನು ಆಡುದು ಬೇಡ್ವಾ?"

ಆ ಮಾತಿನಲ್ಲಿ ಹುಡುಗಾಟವಿರಲಿಲ್ಲ. ಕೋವಿಯ ವಿಷಯದಲ್ಲಿ ಅವರು ಮಡಿ ಹೆಂಗಸಿಗಿಂತ ಹೆಚ್ಚು. ಗುಂಡಿನ ತೋಟೆ ತುಂಬುವ ಮೊದಲು ಪ್ರತಿ ಸಲವೂ ನಳಿಗೆಯನ್ನು ಆಕಾಶಕ್ಕೆ ಹಿಡಿದು, ಹಿಂಬದಿಯಿಂದ ಕಣ್ಣಿಟ್ಟು, ಆಚೆ ತುದಿಯ ಬೆಳಕು ಕಂಡ ಮೇಲೆಯೇ ಮುಂದಿನ ಕೆಲಸ. ಬೆಳಕು ಕಂಡರೆ ತೋಟೆ, ಕಾಣದಿದ್ದರೆ ಮನೆಗೆ ವಾಪಸು ಎನ್ನುವುದು ಅವರ ಮಂತ್ರ. ಮನೆಯಲ್ಲಿ ಪೊರಕೆ ಕೊಂಡರೂ ಅದರ ಹಿಡಿಯ ಕೊಳವೆಯಲ್ಲಿ ಒಮ್ಮೆ ಇಣುಕಿ ನೋಡುತ್ತಿದ್ದರೆಂದು ಹೆಂಡತಿ ಗಿರಿಜಕ್ಕ ಹೇಳಿ ನಗುತ್ತಿದ್ದರು. ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸು ಠಾಣೆಯಲ್ಲಿ ಇಟ್ಟು ಬರಬೇಕಲ್ಲ, ಆಗ ಇವರ ಅವಸ್ಥೆ ನೋಡಬೇಕಿತ್ತು. ಆಸ್ಪತ್ರೆಯಲ್ಲಿ ಮಲಗಿದ ನೆಂಟರನ್ನು ನೋಡಲು ಹೋದ ಹಾಗೆ ಆಗಾಗ ಠಾಣೆಗೆ ಹೋಗಿ, ಅಲ್ಲಿ ತೇವ ಇಲ್ಲವಷ್ಟೇ, ಒರಗಿಸಿ ಇಟ್ಟಿದ್ದೀರಾ ಮಲಗಿಸಿದ್ದೀರಾ ಎಂದೆಲ್ಲ ಕೇಳಿ ಹವಾಲ್ದಾರನಿಂದ ಬೈಸಿಕೊಂಡು ಬರುತ್ತಿದ್ದರು.

ಹೀಗಿದ್ದ ಮನುಷ್ಯನ ಮನೆಗೆ ಆ ಹಳೆಯ ಕೋವಿ ಬಂತು.

ಠಾಣೆ ಪಟ್ಟಣದ ಕೋಪರಿ ಬಡಾವಣೆಯಲ್ಲಿ ಯಾವುದೋ ಹಳೆಯ ಮನೆ ಒಡೆಯುವುದಿತ್ತು. ಅಲ್ಲಿದ್ದ ಅಜ್ಜಿಯ ಮಾವನ ಕಾಲದ ಕೋವಿ ಅದು. ಒಮ್ಮೆ ತುಂಬಿದರೆ, ಕೆಳಗಿನ ಹಿಡಿ ಎಳೆದ ಹಾಗೆಲ್ಲ ಒಂದರ ಹಿಂದೆ ಒಂದು ಹೊಡೆಯುವಂಥದ್ದು. ಈಗ ಅಂಥದ್ದನ್ನು ನೋಡಬೇಕೆಂದರೆ ಮ್ಯೂಸಿಯಮ್ಮಿಗೆ ಹೋಗಬೇಕು ಎಂದು ರಘುರಾಮಣ್ಣ ಕುಣಿದಾಡಿದರು. ಕಾಗದಪತ್ರಗಳಿಗಾಗಿ ಬೇಸಗೆಯೆಲ್ಲ ಅಲೆದು, ಕೊನೆಗೆ ಗಿರಿಜಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ ತಂದರು. ಅಜ್ಜಿ ಅದನ್ನು ಕೈಯಿಂದ ಮುಟ್ಟಲಿಲ್ಲವಂತೆ. ಗೋಡೆಯ ಕಡೆ ಬೆರಳು ತೋರಿಸಿ, ನೀವೇ ಇಳಿಸಿಕೊಳ್ಳಿ ಎಂದಳಂತೆ. ಹೊರಡುವಾಗ ಗಿರಿಜಕ್ಕನ ಕೈ ಹಿಡಿದು ಹಿಂದಿಯಲ್ಲಿ ಒಂದು ಮಾತು ಹೇಳಿದಳಂತೆ: "ಇಸ್ಕೋ ಭೂಖಾ ಹೀ ರಖನಾ, ಬೇಟಿ." ಇದನ್ನು ಹಸಿದಂತೆಯೇ ಇಡು, ಮಗಳೇ.

ತೋಟೆ ತುಂಬಬೇಡಿ ಎಂದಿರಬೇಕು, ಅಷ್ಟೇ. ಆದರೆ ಗಿರಿಜಕ್ಕನ ಎದೆಯಲ್ಲಿ ಆ ಮಾತು ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು. ದೈವಕ್ಕೆ ವರ್ಷ ವರ್ಷ ಕೊಡುವುದನ್ನು ಕೊಟ್ಟು, ತಪ್ಪಿದರೆ ಕಾಣಿಕೆ ಕಟ್ಟಿಟ್ಟು ಬೆಳೆದ ಮನೆತನ ಅವರದು. ಹಸಿದದ್ದನ್ನು ಮನೆಯೊಳಗೆ ಇಟ್ಟುಕೊಂಡು ನಾವು ಉಣ್ಣುವುದು ಹೇಗೆ ಟೀಚರಕ್ಕ ಎಂದು ಎರಡು ಮೂರು ಸಲ ಕೇಳಿದರು. ನಾನು ಗದರಿಸಿದೆ. ಕಬ್ಬಿಣಕ್ಕೆ ಎಂಥ ಹಸಿವು ಎಂದೆ. ಆದರೂ, ಸುಳ್ಳು ಯಾಕೆ ಹೇಳಲಿ, ಅವರ ಮನೆಯಲ್ಲಿ ಕೋವಿ ಇಟ್ಟ ಕಪಾಟಿಗೆ ಬೆನ್ನು ಮಾಡಿ ಕೂರುವುದು ಅಂದಿನಿಂದ ನನಗೂ ಆಗುತ್ತಿರಲಿಲ್ಲ.

ಆ ಕಾಲದ ತೋಟೆಯನ್ನು ಈಗ ಯಾರೂ ಮಾಡುವುದಿಲ್ಲ. ಈಗ ಸಿಗುವ ತೋಟೆಗೆ ಹೊಂದುವಂತೆ ನಳಿಗೆ ಬದಲಿಸಬೇಕು. ಅದಕ್ಕೆ ಸರಕಾರದ ಪರವಾನಗಿ ಇದ್ದ ಮಿಸ್ತ್ರಿ ಕಲ್ಯಾಣದಲ್ಲಿ ಸಿಕ್ಕಿದ. ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡಿ ಅವನು ಹೇಳಿದ್ದನ್ನು ರಘುರಾಮಣ್ಣನೇ ನಗುತ್ತ ನಮಗೆ ವರದಿ ಮಾಡಿದರು: "ಲೋಹಾ ಬೂಢಾ ಹೈ ಸೇಠ್, ಬಾರೂದ್ ಜವಾನ್." ಕಬ್ಬಿಣ ಮುದಿಯಾಗಿದೆ, ಮದ್ದು ಪ್ರಾಯದ್ದು. ಗೋಡೆಗೆ ತೂಗು ಹಾಕಿ ಎಂದನಂತೆ. ಇವರು ಕೇಳಬೇಕಲ್ಲ! ಹಠ ಹಿಡಿದು ಮಾಡಿಸಿದರು. ನಳಿಗೆ ಹೊಸದು, ಒಡಲು ಹಳೆಯದು. ಮೊದಲ ಸಲ ಅದರಿಂದ ಹೊಡೆದು ಬಂದ ಭಾನುವಾರ ಅವರ ಮುಖ ಮದುಮಗನ ಮುಖದಂತಿತ್ತು. ಗಿರಿಜಕ್ಕ ಮಾತ್ರ ಅಂದು ಊಟ ಮಾಡಲಿಲ್ಲ.

ಆ ವರ್ಷದ ಆಯುಧ ಪೂಜೆಗೆ ನನ್ನನ್ನೂ ಕರೆದಿದ್ದರು. ಮಿಕ್ಸಿ, ಹೊಟೇಲಿನ ದೊಡ್ಡ ಚಾಕು, ಸ್ಕೂಟರಿನ ಕೀಲಿ, ನಡುವೆ ಎಣ್ಣೆ ಉಜ್ಜಿ ಮಿರಮಿರ ಮಿಂಚುವ ಕೋವಿ. ಪೂಜೆಗೆ ಇಡುವ ಮೊದಲು ರಘುರಾಮಣ್ಣ ಎಂದಿನಂತೆ ಅದರಲ್ಲಿ ಇಣುಕಿ, ಬೆಳಕುಂಟು ಎಂದು ತಲೆಯಾಡಿಸಿದ್ದನ್ನು ನಾನೇ ಕಂಡಿದ್ದೇನೆ. ಗೊಂಡೆ ಹೂವಿನ ಮಾಲೆ, ಕುಂಕುಮ, ಆರತಿ, ಪಂಚಕಜ್ಜಾಯ. ನಮ್ಮಲ್ಲಿ ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬೆಳಗಿನವರೆಗೆ ಮುಟ್ಟುವುದಿಲ್ಲ. ಪ್ರಸಾದ ತಿಂದು ನಾನು ಮನೆಗೆ ಬಂದೆ.

ದಸರೆಯ ಬೆಳಿಗ್ಗೆ ಮೈದಾನದಲ್ಲಿ ಎಲ್ಲರೂ ನಮ್ಮ ಬನ್ನಿಯ ಹಾಗೆ ಆಪಟೆ ಎಲೆ ಕೊಟ್ಟು ಕೈಕುಲುಕುತ್ತಿದ್ದರಂತೆ. ನೀವು ಹಿರಿಯರು, ಮೊದಲ ಗುಂಡು ನಿಮ್ಮದೇ ಎಂದು ಇವರನ್ನು ಮುಂದೆ ಮಾಡಿದರಂತೆ. ಆ ಕೋವಿಯ ಹಳೆಯ ಗುರಿಕಡ್ಡಿ ಸರಿಯಾಗಿ ಕಾಣದೆಂದು ಕಣ್ಣಿನ ರಕ್ಷಣೆಯ ಕನ್ನಡಕವನ್ನು ಹಣೆಗೆ ಏರಿಸಿಕೊಂಡರು. ಇವತ್ತು ನಳಿಗೆ ನೋಡಲಿಲ್ಲವಲ್ಲ ಎಂದು ಪಕ್ಕದವರೊಬ್ಬರು ನೆನಪಿಸಿದರು. ಅದಕ್ಕೆ ಇವರು ಕೊಟ್ಟ ಉತ್ತರವನ್ನು ಆ ಪಕ್ಕದವರೇ ಆಮೇಲೆ ಆಸ್ಪತ್ರೆಯಲ್ಲಿ ನನಗೆ ಹೇಳಿದರು: "ದೇವರ ಎದುರು ಇಟ್ಟದ್ದನ್ನು ಸಂಶಯದಲ್ಲಿ ನೋಡ್ಬಾರ್ದು ಮಾರಾಯ್ರೆ."

ನಳಿಗೆಯ ಬಾಯಿ ಸೀಳಿತು. ಮುದಿ ಒಡಲು ಹಿಂದಕ್ಕೆ ಬಿಚ್ಚಿಕೊಂಡಿತು. ಚೂರೊಂದು ಬಲಗಣ್ಣಿಗೆ ಹೊಕ್ಕಿತು.

ಆಪರೇಷನ್ ಕೋಣೆಯ ಬಾಗಿಲ ಹೊರಗೆ ಗಿರಿಜಕ್ಕ ಅಳಲೂ ಇಲ್ಲ. ನನ್ನ ತೊಡೆಯ ಮೇಲೆ ಕೈಯಿಟ್ಟು, ತಪ್ಪು ಒಪ್ಪಿಸುವ ಮಗುವಿನ ದನಿಯಲ್ಲಿ ಹೇಳಿದರು: "ನಾನು ಅದಕ್ಕೆ ತಿನ್ಸಿದ್ದೆ ಟೀಚರಕ್ಕ. ನೀವು ಹೋದ ಮೇಲೆ ಪಂಚಕಜ್ಜಾಯದ ಉಂಡೆ ಮಾಡಿ ಅದರ ಬಾಯಿಗೆ ಇಟ್ಟು, ಊದುಬತ್ತಿ ಕಡ್ಡಿಯಲ್ಲಿ ಒಳಗೆ ದೂಡಿದೆ. ಬಾಯಿ ಸಣ್ಣದು, ದೊಡ್ಡ ಉಂಡೆ ಹೋಗ್ಲಿಲ್ಲ. ಅದಕ್ಕೆ ಸಾಕಾಗ್ಲಿಲ್ಲ ಕಾಣ್ತದೆ."

ತುಪ್ಪ, ಬೆಲ್ಲ, ಕಡಲೆಹಿಟ್ಟು, ಒಂದು ರಾತ್ರಿ ಒಣಗಿದರೆ ನಳಿಗೆಯೊಳಗೆ ಗಾರೆ. ಹಾಗೆಂದು ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಜೀವನದಲ್ಲಿ ಮಾತು ನುಂಗಿದ್ದು ಕಡಿಮೆ, ಅಂದು ನುಂಗಿದೆ.

ಪೊಲೀಸರು ಕೋವಿಯ ಚೂರುಗಳನ್ನು ಒಯ್ದರು. ರಘುರಾಮಣ್ಣ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದರು: ಕಬ್ಬಿಣ ಮುದಿಯಾಗಿತ್ತು, ಮಿಸ್ತ್ರಿ ಬೇಡವೆಂದಿದ್ದ, ಹಠ ನನ್ನದು. ಹೊಟೇಲನ್ನು ಬೇರೆಯವರಿಗೆ ವಹಿಸಿ, ಮಗಳಿರುವ ಕಾಮೋಠೆಗೆ ಹೊರಟುಹೋದರು. ಎದುರಿನ ಬಾಗಿಲಿಗೆ ಬೀಗ ಬಿತ್ತು.

ಕಾಮೋಠೆಗೆ ನಾನು ಹೋದದ್ದು ಒಂದೇ ಸಲ. ದೇವರ ಗೂಡಿನಲ್ಲಿ ದೀಪದ ಪಕ್ಕ ದೊಡ್ಡ ಲಿಂಬೆ ಗಾತ್ರದ ಪಂಚಕಜ್ಜಾಯದ ಉಂಡೆ ಇತ್ತು. ದಿನಾ ಇಡುತ್ತೇನೆ, ಹಸಿದು ಇನ್ನೊಂದು ಕಣ್ಣು ಕೇಳದಿರಲಿ ಎಂದು ಗಿರಿಜಕ್ಕ ಮೆಲ್ಲಗೆ ಹೇಳಿ ಚಹಾ ಮಾಡಲು ಒಳಗೆ ಹೋದರು. ಬಾಲ್ಕನಿಯಲ್ಲಿ ಕೂತಿದ್ದ ರಘುರಾಮಣ್ಣ ಅವರ ಹೆಜ್ಜೆಯ ಸದ್ದು ದೂರವಾಗುವವರೆಗೆ ಕಾದರು.

"ಹೊಡೆದ ಕೂಡ್ಲೆ ಬೆಲ್ಲ ಸುಟ್ಟ ವಾಸನೆ ಬಂತು ಟೀಚರೇ," ಎಂದರು. "ಅವಳಿಗೆ ಗೊತ್ತಾಗುದು ಬೇಡ. ಉಂಡೆ ಇಡುದಾದ್ರೆ ಇಟ್ಕೊಂಡಿರ್ಲಿ."

ನಾನು ಹೂಂ ಎಂದೆ. ಚಹಾ ಕುಡಿದೆವು, ಹೊಟೇಲಿನ ಸಾಂಬಾರು ಈಗ ಕೆಟ್ಟುಹೋಗಿದೆ ಎಂದು ನಾನೇ ಏನೋ ಹರಟಿದೆ. ಹೊರಟು ನಿಂತಾಗ ಚಪ್ಪಲಿ ಮೆಟ್ಟಿ ಒಮ್ಮೆ ತಿರುಗಿದೆ. ರಘುರಾಮಣ್ಣ ನನ್ನ ಕಡೆಗೆ ಮುಖ ಮಾಡಿ, ಹಳೆಯ ಅಭ್ಯಾಸದಂತೆ, ನನ್ನನ್ನು ಸರಿಯಾಗಿ ನೋಡಲೆಂದು ಎಡಗಣ್ಣು ಮುಚ್ಚಿದರು.

"ಟೀಚರೇ, ಹೋದ್ರಾ?" ಎಂದು ಕೇಳಿದರು.

ನಾನು ಅವರ ಎದುರಿಗೇ ನಿಂತಿದ್ದೆ.